ಬೊಂಬೆ ಬಾಣಂತನವೋ, ಆಸ್ಪತ್ರೆ ಆಟವೋ? ಆರೈಕೆಯ ಕೆಲಸಗಳನ್ನು ಪುಟ್ಟ ಮಕ್ಕಳಿಗೆ ಪರಿಚಯಿಸಲು ಆರು ಆಟಗಳ ಹೋಲಿಕೆ

ಡಾಕ್ಟರ್ ಸೆಟ್ ಮನೆಗೆ ಬಂದ ಮೊದಲ ದಿನ ಎಲ್ಲರಿಗೂ ಇಂಜೆಕ್ಷನ್ ಆಗುತ್ತದೆ. ಮರುದಿನವೂ ಇಂಜೆಕ್ಷನ್. ವಾರ ಕಳೆಯುವಷ್ಟರಲ್ಲಿ ಸ್ಟೆತಾಸ್ಕೋಪಿನ ಕೊಳವೆ ಕಿತ್ತು ಬಂದು, ಸೆಟ್ಟು ಮಂಚದ ಕೆಳಗೆ ಸೇರುತ್ತದೆ. ಆ ಪೆಟ್ಟಿಗೆಯಲ್ಲಿ ಸಾಮಾನು ಇತ್ತು, ಮಾಡಲು ಕೆಲಸ ಇರಲಿಲ್ಲ. ಆರೈಕೆಯ ಕೆಲಸ ಎಂದರೆ ಎದುರಿಗಿರುವವರನ್ನು ಕೇಳುವುದು, ಗಮನಿಸಿ ನೋಡುವುದು, ಸರದಿ ಕಾಯುವುದು, ಮಾಡಿದ್ದನ್ನು ಗುರುತು ಹಾಕಿಟ್ಟುಕೊಂಡು ಮತ್ತೆ ಬಂದು ವಿಚಾರಿಸುವುದು. ಇದರಲ್ಲಿ ಎಷ್ಟನ್ನು ಮಗುವಿನ ಕೈಯಿಂದಲೇ ಮಾಡಿಸುತ್ತದೆ ಎಂಬುದನ್ನು ನೋಡಿ ಆಟ ಆರಿಸಬೇಕು. ಬಿಳಿ ಕೋಟು, ಬಣ್ಣದ ಪೆಟ್ಟಿಗೆ ಎಲ್ಲ ಆಮೇಲೆ.

ಎಲ್ಲಕ್ಕಿಂತ ಮೊದಲು ವಯಸ್ಸು ನೋಡಿ. ಸುಮಾರು ಒಂದೂವರೆ ವರ್ಷಕ್ಕೆ ಮಗು ಖಾಲಿ ಲೋಟವನ್ನು ಬೊಂಬೆಯ ಬಾಯಿಗೆ ಹಿಡಿಯಲು ಶುರುಮಾಡುತ್ತದೆ. ಎರಡೂವರೆ, ಮೂರರ ಹೊತ್ತಿಗೆ ಉಣಿಸಿ, ಬಾಯಿ ಒರೆಸಿ, ಮಲಗಿಸುವಂತೆ ಎರಡು ಮೂರು ಹೆಜ್ಜೆ ಜೋಡಿಸುತ್ತದೆ. ನಾಲ್ಕಕ್ಕೆ "ನಾನು ಸಿಸ್ಟರ್, ನೀನು ಪೇಷೆಂಟು" ಎಂದು ಪಾತ್ರ ಹಂಚಿಕೊಳ್ಳುತ್ತದೆ. ಐದು, ಆರರಲ್ಲಿ ನಿಯಮ, ಸರದಿ, ಬರೆದಿಡುವುದು ಎಲ್ಲ ಬರುತ್ತದೆ. ಎರಡು ವರ್ಷದವರ ಮುಂದೆ ಪೂರ್ತಿ ಆಸ್ಪತ್ರೆ ಹರಡಿಟ್ಟರೆ ಅವರು ಸಾಮಾನು ಚೆಲ್ಲಾಡುತ್ತಾರೆ, ಅಷ್ಟೇ.

ಬೊಂಬೆಯ ಮಗು: ಒಂದೂವರೆ ವರ್ಷದಿಂದ

ಒಂದೇ ಆಟ ಇಡಲು ಸಾಧ್ಯವಿದ್ದರೆ ಇದನ್ನೇ ಇಡಿ. ಒಬ್ಬರೇ ಆಡಬಹುದು, ನಾಲ್ವರು ಸೇರಿಯೂ ಆಡಬಹುದು. ಖರ್ಚು ಇಲ್ಲವೆಂದರೂ ನಡೆಯುತ್ತದೆ. ಹೆಜ್ಜೆಗಳೆಲ್ಲ ಮಗುವಿಗೆ ಮನೆಯಲ್ಲಿ ನೋಡಿ ಗೊತ್ತಿರುವಂಥವೇ.

ಅಂಗಡಿಯ ಬೊಂಬೆಗಿಂತ ಬಟ್ಟೆಯ ಬೊಂಬೆ ಮೇಲು. ಗಟ್ಟಿ ಪ್ಲಾಸ್ಟಿಕ್ ಬೊಂಬೆಯ ಕತ್ತು ಸೆಟೆದುಕೊಂಡಿರುತ್ತದೆ, ಹೇಗೆ ಎತ್ತಿದರೂ ನಡೆಯುತ್ತದೆ, ಕೊನೆಗೆ ಮಕ್ಕಳು ಕಾಲು ಹಿಡಿದು ಎಳೆದಾಡುತ್ತಾರೆ. ತಲೆ ಜೋಲುವ, ಸ್ವಲ್ಪ ಭಾರದ ಬೊಂಬೆಯಾದರೆ ಕತ್ತಿನ ಕೆಳಗೆ ಕೈ ಕೊಟ್ಟೇ ಎತ್ತಬೇಕಾಗುತ್ತದೆ. ಹಳೆಯ ಕಾಟನ್ ಟೀ ಶರ್ಟಿನಿಂದ 35ರಿಂದ 40 ಸೆಂ.ಮೀ. ಉದ್ದದ ಬೊಂಬೆ ಹೊಲಿಯಿರಿ. ತಲೆಗೆ ಅರಳೆ ತುಂಬಿ, ಕತ್ತಿನ ಬಳಿ ತುಂಬದೆ ಸಡಿಲ ಬಿಡಿ. ಸೊಂಟದ ಭಾಗಕ್ಕೆ ಹಳೆ ಜೀನ್ಸ್ ಬಟ್ಟೆಯ ಪಟ್ಟಿಗಳನ್ನು ಬಿಗಿಯಾಗಿ ಸುತ್ತಿ ತುರುಕಿ. ಒಟ್ಟು ತೂಕ 600ರಿಂದ 800 ಗ್ರಾಂ ಬಂದರೆ ಹದ. ಭಾರಕ್ಕೆಂದು ರಾಗಿ, ಹೆಸರುಕಾಳು ತುಂಬಬೇಡಿ. ಹುಳ ಬೀಳುತ್ತದೆ, ಇಲಿ ಬರುತ್ತದೆ, ಹೊಲಿಗೆ ಬಿಚ್ಚಿದರೆ ಕಾಳು ಮೂಗಿನೊಳಗೋ ಕಿವಿಯೊಳಗೋ ಹೋಗುತ್ತದೆ. ಕಣ್ಣಿಗೆ ಗುಂಡಿ ಬೇಡ, ದಾರದಲ್ಲೇ ಕಸೂತಿ ಹಾಕಿ.

ಆಟದ ಕ್ರಮ ಬಾಣಂತನದ ಮನೆಯದೇ ಇರಲಿ. ಎಣ್ಣೆ ಹಚ್ಚಿದಂತೆ ಕೈಕಾಲು ತಿಕ್ಕುವುದು, ನೀರು ಹಾಕುವುದು, ಒರೆಸುವುದು, ಲಂಗೋಟಿ ಕಟ್ಟಿ ಕುಲಾವಿ ತೊಡಿಸುವುದು, ಒಳಲೆಯಲ್ಲಿ (ಎಳೆಮಗುವಿಗೆ ಹಾಲು ಕುಡಿಸುವ, ಮೂತಿಯಿರುವ ಪುಟ್ಟ ಬಟ್ಟಲು) ಕುಡಿಸುವುದು, ಹೆಗಲಿಗೆ ಹಾಕಿ ತೇಗು ಬರಿಸುವುದು, ಮಲಗಿಸುವುದು. ಒಳಲೆ ಸಿಗದಿದ್ದರೆ ಚನ್ನಪಟ್ಟಣದ ಅಡುಗೆ ಸೆಟ್ಟಿನ ಪುಟ್ಟ ಲೋಟವೂ ಆದೀತು. ಆದರೆ ಅದನ್ನು ನೀರಲ್ಲಿ ನೆನೆಸಿಡಬೇಡಿ, ಅರಗಿನ ಹೊಳಪು ಹೋಗುತ್ತದೆ, ಮರ ಉಬ್ಬುತ್ತದೆ. ಬಟ್ಟೆ ಬೊಂಬೆಗೆ ನೀರಿಲ್ಲದ ಸ್ನಾನ ಸಾಕು. ನೀರೇ ಬೇಕು ಎಂದು ಹಟ ಹಿಡಿದರೆ ಪ್ಲಾಸ್ಟಿಕ್ ಬೊಂಬೆ ಕೊಟ್ಟು, ಬೇಸಿನ್ನಿನಲ್ಲಿ ಮೂರು ಬೆರಳಿನಷ್ಟು ನೀರು ಹಾಕಿ, ದೊಡ್ಡವರೊಬ್ಬರು ಪಕ್ಕದಲ್ಲೇ ಕೂತಿರಿ. ಅಷ್ಟು ನೀರಿನಲ್ಲೂ ಪುಟ್ಟ ಮಕ್ಕಳು ಮುಳುಗಬಹುದು. ಸಾಂಬ್ರಾಣಿ ಹಾಕುವ ಹೆಜ್ಜೆಯನ್ನು ಬಿಟ್ಟುಬಿಡಿ. ಕೆಂಡ ಆಟದ ಸಾಮಾನಲ್ಲ, ಎಳೆಮಗುವಿನ ಉಸಿರಿಗೆ ಹೊಗೆ ಒಳ್ಳೆಯದೂ ಅಲ್ಲ. ಮಲಗಿಸಲು ಸೀರೆಯ ಜೋಲಿ ಕಟ್ಟಬೇಡಿ, ಮಗು ತಾನೇ ಅದರಲ್ಲಿ ತಲೆ ತೂರಿಸುತ್ತದೆ. ಅಗಲವಾದ ಬಿದಿರು ಬುಟ್ಟಿ ಸಾಕು.

ಇಲ್ಲಿ ಸಾಮಾನ್ಯವಾಗಿ ಕೆಡುವುದು ಒಂದೇ: ಆಟ "ಅಮ್ಮನ ಆಟ"ವಾಗಿ ನಿಂತುಬಿಡುತ್ತದೆ, ಇದು ದುಡಿಮೆಯೂ ಹೌದು ಎಂಬುದು ಮಗುವಿಗೆ ಕಾಣುವುದಿಲ್ಲ. ಅದಕ್ಕೆ ಎರಡನೇ ವಾರದಿಂದ ಬೊಂಬೆಯನ್ನು ಇನ್ನೊಬ್ಬರ ಮಗು ಮಾಡಿ. "ಇವಳ ಅಮ್ಮ ಕೆಲಸಕ್ಕೆ ಹೋಗಿದ್ದಾಳೆ, ಸಂಜೆ ಬಂದು ಕೇಳ್ತಾಳೆ: ಊಟ ಮಾಡಿದಳಾ? ಎಷ್ಟು ಹೊತ್ತು ಮಲಗಿದ್ದಳು?" ಎನ್ನಿ. ಮಗು ಒಂದು ಹಾಳೆಯಲ್ಲಿ ಊಟಕ್ಕೊಂದು ಗೆರೆ, ನಿದ್ದೆಗೊಂದು ಸೊನ್ನೆ ಹಾಕಿಟ್ಟು, ಸಂಜೆ ನೋಡಿ ಹೇಳುತ್ತದೆ. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿರುವ ಕೂಸಿನ ಮನೆಯ ಕೆಲಸ ಇದೇ. ಅಂಗನವಾಡಿ ಸಹಾಯಕಿಯ ಕೆಲಸವೂ ಬಹುಪಾಲು ಇದೇ. ಐದು ವರ್ಷದವರಿಗೆ ಕಾಂಗರೂ ಆರೈಕೆಯನ್ನೂ ತೋರಿಸಬಹುದು. ಹುಟ್ಟುವಾಗ ಎರಡೂವರೆ ಕೆ.ಜಿ.ಗಿಂತ ಕಡಿಮೆ ತೂಗುವ ಮಕ್ಕಳನ್ನು ಅಮ್ಮನೋ ಅಪ್ಪನೋ ಎದೆಗೆ ಒತ್ತಿ ಬೆಚ್ಚಗಿಡುವ ಕ್ರಮ ಅದು. ಬೊಂಬೆಯನ್ನು ಎದೆಯ ಮೇಲಿಟ್ಟು ಟವೆಲ್ ಸುತ್ತಿಕೊಂಡು ಹತ್ತು ನಿಮಿಷ ಕೂರುವುದಷ್ಟೇ ಆಟ. ಈ ಪದ್ಧತಿಯನ್ನು ಊರೂರಿಗೆ ಮುಟ್ಟಿಸುವ ಕೆಲಸ ಕೊಪ್ಪಳ ಜಿಲ್ಲೆಯಲ್ಲಿ ನಡೆದಿದೆ. ಗಂಡುಮಕ್ಕಳನ್ನು ಬೊಂಬೆಯ ಕಡೆ ಕರೆತರಲು ಇದಕ್ಕಿಂತ ಸಲೀಸಾದ ದಾರಿ ಕಾಣೆವು, ಯಾಕೆಂದರೆ ಇಲ್ಲಿ ಅಪ್ಪನಿಗೂ ಅಮ್ಮನಷ್ಟೇ ಕೆಲಸ.

ಆಸ್ಪತ್ರೆ ಆಟ: ಮೂರೂವರೆ ವರ್ಷದಿಂದ, ನಾಲ್ಕೈದು ಮಕ್ಕಳಿಗೆ

ಎಲ್ಲರಿಗೂ ಮೊದಲು ಹೊಳೆಯುವುದು ಇದು, ಹೆಚ್ಚು ಸಲ ಹದ ತಪ್ಪುವುದೂ ಇದೇ. ಡಾಕ್ಟರ್ ಒಬ್ಬರೇ, ಸ್ಟೆತಾಸ್ಕೋಪ್ ಒಂದೇ, ಉಳಿದವರು ಸಾಲಾಗಿ ಮಲಗಬೇಕು ಎಂದಾದಾಗ ಐದು ನಿಮಿಷಕ್ಕೆ ಜಗಳ ಶುರು. ಆಸ್ಪತ್ರೆಯಲ್ಲಿ ಎಷ್ಟು ಬಗೆಯ ಕೆಲಸವಿದೆಯೋ ಅಷ್ಟೂ ಕಾಣುವಂತೆ ಜಾಗ ಹಂಚಿದರೆ ಜಗಳ ತಾನಾಗಿ ತಗ್ಗುತ್ತದೆ.

ಆರು ಅಡಿಗೆ ಎಂಟು ಅಡಿ ಜಾಗ ಬೇಕು. ಬಾಗಿಲ ಬಳಿ ಚೀಟಿ ಕೊಡುವವರು, ಪಕ್ಕದಲ್ಲಿ ಕಾಯಲು ಚಾಪೆ, ಆಮೇಲೆ ಸಿಸ್ಟರ್ ಅಥವಾ ಬ್ರದರ್, ಆಮೇಲೆ ಡಾಕ್ಟರ್, ಕೊನೆಗೆ ಔಷಧಿ ಕೊಡುವವರು. ಚೀಟಿಯ ಮೇಲೆ ಮನುಷ್ಯನ ಗೆರೆಚಿತ್ರ ಇರಲಿ. ಎಲ್ಲಿ ನೋವು ಎಂದು ಪೇಷೆಂಟು ತೋರಿಸಿದ ಕಡೆ ಚೀಟಿಯವರು ಚುಕ್ಕೆ ಇಡುತ್ತಾರೆ. ಜ್ವರ ನೋಡಲು ಐದು ಐಸ್‌ಕ್ರೀಮ್ ಕಡ್ಡಿಗಳನ್ನು ತಗೊಳ್ಳಿ. ಮೂರರ ತುದಿಗೆ ಹಸಿರು, ಎರಡರ ತುದಿಗೆ ಕೆಂಪು ಬಳಿದು, ಬಣ್ಣದ ತುದಿ ಕೆಳಗೆ ಬರುವಂತೆ ಲೋಟದಲ್ಲಿ ನಿಲ್ಲಿಸಿ. ಸಿಸ್ಟರ್ ನೋಡದೆ ಒಂದು ಎಳೆದಾಗ ಕೆಂಪು ಬಂದರೆ ಒದ್ದೆ ಬಟ್ಟೆ ಹಣೆಗೆ, ಹಸಿರು ಬಂದರೆ ನೇರ ಡಾಕ್ಟರ ಬಳಿಗೆ. ಏನು ಬರುತ್ತದೋ ಮೊದಲೇ ಗೊತ್ತಿರುವುದಿಲ್ಲವಾದ್ದರಿಂದ ಪ್ರತಿ ಪೇಷೆಂಟನ್ನೂ ಹೊಸದಾಗಿ ನೋಡಬೇಕಾಗುತ್ತದೆ. ಆಟದ ಜೀವ ಇರುವುದು ಇಲ್ಲೇ. ಒಂದು ಚೀಟಿ ಮುಗಿದ ಕೂಡಲೇ ಎಲ್ಲರೂ ಒಂದು ಜಾಗ ಮುಂದೆ ಸರಿಯುತ್ತಾರೆ, ಡಾಕ್ಟರ್ ಔಷಧಿಗೆ, ಔಷಧಿಯವರು ಪೇಷೆಂಟಾಗಿ ಚಾಪೆಗೆ, ಪೇಷೆಂಟು ಚೀಟಿ ಕೊಡಲು. ಪಾತ್ರದ ಗುರುತಿಗೆ ಕತ್ತಿನ ದಾರ ಬೇಡ, ಬಟ್ಟೆ ಒಣಹಾಕುವ ಕ್ಲಿಪ್ಪಿಗೆ ಬಣ್ಣದ ಚೀಟಿ ಅಂಟಿಸಿ ಅಂಗಿಗೆ ಸಿಕ್ಕಿಸಿ.

ಸಾಮಾನಿನಲ್ಲಿ ಎಚ್ಚರ ಬೇಕಾದ ನಾಲ್ಕು ಸಂಗತಿಗಳಿವೆ.

ಮೊದಲನೆಯದು ಮಾತ್ರೆ. ಜೆಮ್ಸ್, ಪೆಪ್ಪರ್‌ಮಿಂಟ್ ಮಾತ್ರೆಯಾಗಬಾರದು. ಆಟದಲ್ಲಿ ಸಿಹಿಯಾಗಿದ್ದ ಮಾತ್ರೆಯನ್ನು ಮಗು ನಾಳೆ ಅಜ್ಜಿಯ ಬಿಪಿ ಮಾತ್ರೆ ಡಬ್ಬಿಯಲ್ಲಿ ಹುಡುಕುತ್ತದೆ. ಖಾಲಿ ಮಾತ್ರೆ ಶೀಟೂ ಬೇಡ, ಅಂಚು ಕುಯ್ಯುತ್ತದೆ, ನಿಜವಾದ ಶೀಟಿಗೂ ಇದಕ್ಕೂ ಮಗುವಿಗೆ ವ್ಯತ್ಯಾಸ ತಿಳಿಯದು. ಔಷಧಿಯ ಜಾಗದಲ್ಲಿ ಚಿತ್ರದ ಚೀಟಿ ಕೊಡಿ: ಬೆಳಿಗ್ಗೆಗೆ ಸೂರ್ಯ, ರಾತ್ರಿಗೆ ಚಂದ್ರ, ಜೊತೆಗೊಂದು ಲೋಟ ನೀರಿನ ಚಿತ್ರ. ಔಷಧಿ ಅಂಗಡಿಯವರು ಕವರಿನ ಮೇಲೆ ಗೀಚಿಕೊಡುವುದೂ ಇದನ್ನೇ.

ಎರಡನೆಯದು ಸಿರಿಂಜು. ಸೂಜಿ ತೆಗೆದಿದ್ದರೂ ಅದರ ಪುಟ್ಟ ಮುಚ್ಚಳ, ಒಳಗಿನ ರಬ್ಬರ್ ತುದಿ ಗಂಟಲಿಗೆ ಸಿಕ್ಕಿಕೊಳ್ಳುತ್ತವೆ. ಬಳಸಿದ ಸಿರಿಂಜನ್ನಂತೂ ಎಲ್ಲಿಂದಲೂ ತರಬೇಡಿ. ದಪ್ಪ ಕ್ರೇಯಾನಿಗೆ ಕಾಗದ ಸುತ್ತಿದರೆ ಇಂಜೆಕ್ಷನ್ ತಯಾರು.

ಮೂರನೆಯದು ಸ್ಟೆತಾಸ್ಕೋಪು. ನಿಜವಾದ ಹಳೆಯದು ಸಿಕ್ಕರೆ ಬಹಳ ಒಳ್ಳೆಯದು, ಎದೆಬಡಿತ ಕೇಳಿಸಿದಾಗ ಮಗುವಿನ ಮುಖವೇ ಬದಲಾಗುತ್ತದೆ. ಆದರೆ ಕಿವಿಯಲ್ಲಿರುವಾಗ ಯಾರೂ ಬಿಲ್ಲೆಯನ್ನು ತಟ್ಟಬಾರದು, ಅದರ ಬಳಿ ಕಿರುಚಬಾರದು. ಕತ್ತಿಗೆ ಹಾಕಿಕೊಂಡು ಓಡಾಡಬಾರದು. ಪ್ರತಿ ಸರದಿಗೂ ಕಿವಿಯ ತುದಿ ಒರೆಸಿ. ಅದಿಲ್ಲದಿದ್ದರೆ ನಾಲ್ಕು ಸೆಂ.ಮೀ. ಅಗಲದ ರಟ್ಟಿನ ಕೊಳವೆಯನ್ನು ಬೆನ್ನಿಗೆ ಒತ್ತಿ ಕಿವಿ ಇಟ್ಟರೂ ಬಡಿತ ಕೇಳುತ್ತದೆ. ಮೂವತ್ತು ಸಲ ಕುಣಿಸಿ ಮತ್ತೆ ಕೇಳಿಸಿ.

ನಾಲ್ಕನೆಯದು ಬ್ಯಾಟರಿಯ ಆಟಿಕೆ. ಬೆಳಕು ಹತ್ತುವ ಥರ್ಮಾಮೀಟರಿನಲ್ಲಿ ಗುಂಡಿಯಂಥ ಸೆಲ್ ಇರುತ್ತದೆ. ನುಂಗಿದರೆ ಎರಡು ಗಂಟೆಯೊಳಗೇ ಅನ್ನನಾಳ ಸುಡಬಲ್ಲದು. ಸ್ಕ್ರೂ ಹಾಕಿದ ಮುಚ್ಚಳ ಇಲ್ಲದಿದ್ದರೆ ಕೊಳ್ಳಬೇಡಿ. 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ, ಅದನ್ನು ನೋಡಿಯೇ ತಗೊಳ್ಳಿ.

ಬ್ಯಾಂಡೇಜಿಗೆ ಹಳೆಯ ಪಂಚೆಯನ್ನು ಐದು ಸೆಂ.ಮೀ. ಅಗಲ, ಒಂದು ಮೀಟರ್ ಉದ್ದಕ್ಕೆ ಹರಿದುಕೊಳ್ಳಿ. ಕೈಗೆ, ಮಂಡಿಗೆ ಮಾತ್ರ ಸುತ್ತಬಹುದು, ಕತ್ತಿಗೆ ಇಲ್ಲ. ಕಟ್ಟಿದ ಮೇಲೆ ಎರಡು ಬೆರಳು ಒಳಗೆ ತೂರಬೇಕು. ಬಿಚ್ಚಿದ ಪಟ್ಟಿಯನ್ನು ಮತ್ತೆ ಸುರುಳಿ ಮಾಡುವುದೂ ಸಿಸ್ಟರ್ ಕೆಲಸವೇ. ನಾಲ್ಕು ವರ್ಷದ ಬೆರಳುಗಳಿಗೆ ಅದು ಒಳ್ಳೆಯ ವ್ಯಾಯಾಮ.

ಇಂಜೆಕ್ಷನ್ನಿನ ಚಟ ಬಿಡಿಸಲು ಹೋಗಬೇಡಿ. ಮಗುವಿಗೆ ಆಸ್ಪತ್ರೆ ಎಂದರೆ ನೆನಪಿರುವುದೇ ಅದು. ಚುಚ್ಚಿಸಿಕೊಂಡವರು ಚುಚ್ಚುವವರಾದಾಗ ಭಯ ಇಳಿಯುತ್ತದೆ. ಆದರೆ ಒಂದು ಚುಚ್ಚಿಗೆ ಐದು ಹೆಜ್ಜೆ ಸೇರಿಸಿ: ಕೈ ತೊಳೆಯಬೇಕು, "ಈಗ ಸ್ವಲ್ಪ ನೋವಾಗುತ್ತೆ" ಎಂದು ಹೇಳಬೇಕು, ಹತ್ತಿಯಿಂದ ಒರೆಸಬೇಕು, ಚುಚ್ಚಬೇಕು, ಹತ್ತಿ ಒತ್ತಿ ಹಿಡಿದು ಹತ್ತು ಎಣಿಸಬೇಕು. "ನೋವೇ ಆಗಲ್ಲ" ಎಂದು ಹೇಳಿಕೊಡಬೇಡಿ. ಅದು ಸುಳ್ಳೆಂದು ಮಗುವಿಗೆ ಗೊತ್ತು.

ಇನ್ನೊಂದು ನಿಯಮಕ್ಕೆ ವಿನಾಯಿತಿ ಇಲ್ಲ. ಕೈ, ಹಣೆ, ಬೆನ್ನು, ಮಂಡಿ, ಪಾದ ಇಷ್ಟನ್ನೇ ಮುಟ್ಟಬಹುದು, ಅದೂ "ಮುಟ್ಟಲಾ?" ಎಂದು ಕೇಳಿ, ಬಟ್ಟೆಯ ಮೇಲಿಂದ. ಬೇಡ ಎಂದರೆ ಪೇಷೆಂಟು ಬೊಂಬೆ. ಆಟ ಯಾವಾಗಲೂ ದೊಡ್ಡವರ ಕಣ್ಣಳತೆಯಲ್ಲಿ, ಬಾಗಿಲು ತೆರೆದ ಕೋಣೆಯಲ್ಲಿ ನಡೆಯಲಿ.

ದನದ ಡಾಕ್ಟರು: ಮೂರು ವರ್ಷದಿಂದ

ಆಸ್ಪತ್ರೆ ಕಂಡರೆ ಅಳುವ ಮಗುವಿಗೆ ಇದನ್ನು ಮೊದಲು ಕೊಡಿ. ಪೇಷೆಂಟು ಹಸುವೋ ನಾಯಿಯೋ ಆದಾಗ ಮಗು ಹೆದರದೆ ಹತ್ತಿರ ಬರುತ್ತದೆ. ಹಸುವಿಗೆ ಎಲ್ಲಿ ನೋವು ಎಂದು ಹೇಳಲು ಬಾಯಿಲ್ಲ, ಹಾಗಾಗಿ ನೋಡಿ ತಿಳಿಯಬೇಕು, ಸಾಕಿದವರನ್ನು ಕೇಳಬೇಕು. ಮೇವು ತಿಂತಾ? ಮೆಲುಕು ಹಾಕ್ತಾ? ಮೂತಿ ಒದ್ದೆ ಇದೆಯಾ, ಒಣಗಿದೆಯಾ? ಆರೋಗ್ಯವಾಗಿರುವ ಹಸುವಿನ ಮೂತಿ ತೇವವಾಗಿರುತ್ತದೆ ಎಂಬುದು ಹಳ್ಳಿಯ ಮಕ್ಕಳಿಗೆ ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಒಂದು ಮಣ್ಣಿನ ಹಸು, ಒದ್ದೆ ಬಟ್ಟೆಯ ತುಂಡು, ಹಿಡಿ ಹುಲ್ಲು ಇದ್ದರೆ ಆಟ ಶುರು. ಒಬ್ಬರು ರೈತ, ಒಬ್ಬರು ಡಾಕ್ಟರ್. 1962ಕ್ಕೆ ಫೋನ್ ಮಾಡಿದರೆ ಪಶು ಆಂಬುಲೆನ್ಸ್ ಬರುತ್ತದೆ ಎಂಬುದನ್ನೂ ಆಟದೊಳಗೆ ತರಬಹುದು.

ಕೆಡುವುದು ಎಲ್ಲಿ ಎಂದರೆ, ಆಟ ಬೊಂಬೆಯಿಂದ ಮನೆಯ ಬೆಕ್ಕು, ಬೀದಿಯ ನಾಯಿಗೆ ದಾಟಿದಾಗ. ಜೀವವಿರುವ ಪ್ರಾಣಿಗೆ ಬ್ಯಾಂಡೇಜು ಬೇಡ ಎಂದು ಮೊದಲ ದಿನವೇ ಹೇಳಿ. ಕಚ್ಚಿದರೆ, ಪರಚಿದರೆ ಹದಿನೈದು ನಿಮಿಷ ಸೋಪು ಹಚ್ಚಿ ಹರಿಯುವ ನೀರಲ್ಲಿ ತೊಳೆದು ಆವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ.

ಮನೆ ಭೇಟಿ: ನಾಲ್ಕೂವರೆಯಿಂದ ಆರು

ಆಶಾ ಕಾರ್ಯಕರ್ತೆ, ಊರಿನ ಆರೋಗ್ಯ ಸಹಾಯಕಿಯಾದ ಎಎನ್‌ಎಂ ಸಿಸ್ಟರ್, ಅಂಗನವಾಡಿ ಟೀಚರ್ ಈ ಮೂವರೂ ಮಗು ದಿನನಿತ್ಯ ಕಾಣುವವರು. ಆದರೂ ಅಂಗಡಿಯ ಯಾವ ಸೆಟ್ಟಿನಲ್ಲೂ ಅವರಿಲ್ಲ. ಕರ್ನಾಟಕದ ಮಗುವಿಗೆ ಆರೈಕೆಯ ಉದ್ಯೋಗ ತೋರಿಸಲು ಇದಕ್ಕಿಂತ ಹತ್ತಿರದ ಆಟವಿಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ. ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ಶುರುವಾದಾಗ ಮೊದಲ ಯೋಜನೆಗಳಲ್ಲಿ ಒಂದು ನಮ್ಮ ತಿ. ನರಸೀಪುರದ್ದು.

ಒಂದು ಬಟ್ಟೆ ಚೀಲ, ಒಂದು ನೋಟ್‌ಬುಕ್, ಒಂದು ಡ್ರಾಪರ್, ಒಂದು ತಕ್ಕಡಿ ಸಾಕು. ತಕ್ಕಡಿಗೆ ಬಟ್ಟೆ ಹಾಕುವ ಹ್ಯಾಂಗರಿನ ಎರಡು ತುದಿಗೂ ಒಂದೇ ಅಳತೆಯ ಡಬ್ಬಿ ತೂಗುಬಿಡಿ. ಒಂದರಲ್ಲಿ ಪುಟ್ಟ ಬೊಂಬೆ, ಇನ್ನೊಂದರಲ್ಲಿ ಮರದ ತುಂಡುಗಳು. "ಈ ಪಾಪು ಆರು ತುಂಡು" ಎಂದು ನೋಟ್‌ಬುಕ್ಕಿನಲ್ಲಿ ಆರು ಗೆರೆ. ಕೋಣೆಯ ಮೂರು ಮೂಲೆ ಮೂರು ಮನೆ. ಬಾಗಿಲು ತಟ್ಟಬೇಕು, "ಅಕ್ಕಾ, ಪಾಪು ಹೇಗಿದೆ?" ಎನ್ನಬೇಕು, ತೂಕ ನೋಡಬೇಕು, ಪೋಲಿಯೊ ಹನಿ ಎರಡು ಹಾಕಿ ಎಡಗೈ ಕಿರುಬೆರಳಿಗೆ ಗುರುತು ಹಾಕಬೇಕು, ಬರೆದುಕೊಳ್ಳಬೇಕು. ಮೂರು ದಿನ ಬಿಟ್ಟು ಅದೇ ಮನೆಗಳಿಗೆ ಮತ್ತೆ ಹೋಗಿ ಹಳೆಯ ಗೆರೆ ನೋಡಿ ಕೇಳಬೇಕು. ಹೀಗೆ ಮತ್ತೆ ಹೋಗಿ ವಿಚಾರಿಸುವುದು ಬೇರೆ ಯಾವ ಆಟದಲ್ಲೂ ಇಷ್ಟು ಚೆನ್ನಾಗಿ ಬರುವುದಿಲ್ಲ. 2014ರ ಮಾರ್ಚಿನಲ್ಲಿ ಭಾರತ ಪೋಲಿಯೊ ಮುಕ್ತ ಎಂದು ಘೋಷಣೆಯಾದದ್ದರ ಹಿಂದೆ ಇದ್ದದ್ದು ಹೀಗೆ ಬಾಗಿಲು ಬಾಗಿಲಿಗೂ ಹೋಗಿ, ಬಿಟ್ಟುಹೋದ ಮಗುವಿಗಾಗಿ ಮತ್ತೆ ಹೋದ ಕಾಲುಗಳು.

ಅಂಗನವಾಡಿಯಲ್ಲಿ ತೋಳಿನ ಸುತ್ತಳತೆ ನೋಡುವ ಪಟ್ಟಿ ಇರುತ್ತದೆ: 12.5 ಸೆಂ.ಮೀ.ಗಿಂತ ಮೇಲೆ ಹಸಿರು, 11.5ರಿಂದ 12.5ರವರೆಗೆ ಹಳದಿ, ಅದಕ್ಕೂ ಕೆಳಗೆ ಕೆಂಪು. ಮಕ್ಕಳಿಗೆ ಅದರ ಬಣ್ಣಗಳು ಇಷ್ಟ. ಕಾಗದದಲ್ಲಿ ಅಂಥದ್ದು ಮಾಡಿಕೊಟ್ಟರೂ ಬೊಂಬೆಗೆ ಮಾತ್ರ ಸುತ್ತಿಸಿ. ಸಹಪಾಠಿಯ ತೋಳಿಗೆ ಸುತ್ತಿದರೆ "ಇವನು ಕೆಂಪು" ಎಂದು ಅಣಕಿಸುವುದು ಮರುಕ್ಷಣವೇ ಶುರುವಾಗುತ್ತದೆ. ತೂಕದ ಆಟಕ್ಕೂ ಇದೇ ಮಾತು.

ಅಜ್ಜ ಅಜ್ಜಿಯ ಆರೈಕೆ: ಐದು ವರ್ಷದಿಂದ

ಹೋಮ್ ನರ್ಸ್, ಫಿಸಿಯೋಥೆರಪಿಸ್ಟ್, ಕಿವಿಗೆ ಮೆಷಿನ್ ಕೊಡುವವರು ಇವರ ಕೆಲಸ ಮಗುವಿಗೆ ಕಾಣುವುದು ಅಪರೂಪ. ರಟ್ಟಿನ ಕನ್ನಡಕಕ್ಕೆ ಬಟರ್ ಪೇಪರ್ ಅಂಟಿಸಿ, ಕೈಗೆ ದಪ್ಪ ಸಾಕ್ಸ್ ಹಾಕಿಸಿ, ಅಂಗಿ ಗುಂಡಿ ಹಾಕಲು ಹೇಳಿ. ಇನ್ನೊಬ್ಬರು ಸಹಾಯ ಮಾಡಬೇಕು, ಆದರೆ ಗುಂಡಿಯನ್ನು ತಾವೇ ಹಾಕಿಬಿಡಬಾರದು: ಬಟ್ಟೆ ಹಿಡಿದುಕೊಡಬಹುದು, ಮಾತಲ್ಲಿ ಹೇಳಬಹುದು. ಈ ಕಟ್ಟುಪಾಡೇ ಆಟದ ಸತ್ವ. ಕನ್ನಡಕ ಹಾಕಿಕೊಂಡವರು ಕೂತೇ ಇರಲಿ, ನಡೆದರೆ ಎಡವುತ್ತಾರೆ. ಹತ್ತು ನಿಮಿಷಕ್ಕಿಂತ ಹೆಚ್ಚು ಬೇಡ. ಕಿವಿಗೆ ಹತ್ತಿ ತುರುಕುವುದು ಬೇಡವೇ ಬೇಡ. ಬೆನ್ನು ಬಗ್ಗಿಸಿ, ಕೆಮ್ಮಿ, ಅಣಕದ ನಡಿಗೆಯಾಗಿ ಇದು ತಿರುಗುವುದುಂಟು. ಆಗ ಆಟ ನಿಲ್ಲಿಸಿ, ಮನೆಯ ಅಜ್ಜಿಗೇ ಒಂದು ಲೋಟ ನೀರು ತಂದುಕೊಡುವ ಕೆಲಸ ಹೇಳಿ.

108 ಆಂಬುಲೆನ್ಸ್

ಮಕ್ಕಳಿಗೆ ಅಚ್ಚುಮೆಚ್ಚು, ಆದರೆ ಹೋಲಿಕೆಯಲ್ಲಿ ಕೊನೆಯ ಸ್ಥಾನ. ಹತ್ತರಲ್ಲಿ ಒಂಬತ್ತು ಪಾಲು ಸೈರನ್ನು ಮತ್ತು ಓಟ. ಉಳಿಸಿಕೊಳ್ಳಬೇಕಾದ್ದು ಎರಡೇ: ಫೋನಿನಲ್ಲಿ ಹೆಸರು, ಊರು, ಏನಾಯಿತು ಎಂದು ಹೇಳುವುದು, ನಾಲ್ವರು ಬೆಡ್‌ಶೀಟಿನ ನಾಲ್ಕು ಮೂಲೆ ಹಿಡಿದು ಬೊಂಬೆಯನ್ನು ಅಲುಗಿಸದೆ ಸಾಗಿಸುವುದು. ಮಗುವನ್ನೇ ಬೆಡ್‌ಶೀಟಿನಲ್ಲಿ ಎತ್ತಬಾರದು. ಫೋನು ರಟ್ಟಿನದೇ ಇರಲಿ, ನಿಜವಾದ ಫೋನಿನಿಂದ ನಿಜವಾಗಿಯೂ ಕರೆ ಹೋಗುತ್ತದೆ.

ಹಾಗಾದರೆ ನಿಮ್ಮಲ್ಲಿ ಯಾವುದು?

ಮನೆಯಲ್ಲಿ ಒಂದೇ ಮಗು, ಮೂರರೊಳಗೆ: ಬೊಂಬೆ, ಬೇರೇನೂ ಬೇಡ. ತಮ್ಮನೋ ತಂಗಿಯೋ ಬರುವುದಿದ್ದರೆ ಎರಡು ತಿಂಗಳು ಮೊದಲೇ ಶುರುಮಾಡಿ. ಲಸಿಕೆಗೋ ಹಲ್ಲಿಗೋ ಆಸ್ಪತ್ರೆಗೆ ಹೋಗಬೇಕಿದ್ದರೆ ಒಂದು ವಾರ ದನದ ಡಾಕ್ಟರು, ಇನ್ನೊಂದು ವಾರ ಬೊಂಬೆಯೇ ಪೇಷೆಂಟಾದ ಆಸ್ಪತ್ರೆ. ಅಂಗನವಾಡಿಯಲ್ಲಿ ಇಪ್ಪತ್ತು ಮಕ್ಕಳಿದ್ದರೆ ಎಲ್ಲರಿಗೂ ಒಟ್ಟಿಗೆ ಆಸ್ಪತ್ರೆ ಆಟ ಇಡಬೇಡಿ. ಒಂದು ಮೂಲೆಯಲ್ಲಿ ಐವರಂತೆ ಇಪ್ಪತ್ತು ನಿಮಿಷ, ನಾಲ್ಕು ದಿನಕ್ಕೆ ಎಲ್ಲರ ಸರದಿ ಮುಗಿಯುತ್ತದೆ. ಯುಕೆಜಿ, ಒಂದನೇ ತರಗತಿಯವರಿಗೆ ಮನೆ ಭೇಟಿಯೇ ಹೆಚ್ಚು ಹಿಡಿಸುತ್ತದೆ, ಬರೆಯುವ ಹುಮ್ಮಸ್ಸು ಆಗ ಹೊಸದು. ಅಂಗಡಿಯ ಸೆಟ್ಟಿಗೆ 200ರಿಂದ 500 ರೂಪಾಯಿ ಕೊಡುವ ಬದಲು ಅದರಲ್ಲಿ ಒಂದು ಭಾಗವನ್ನು ಬಟ್ಟೆ, ಅರಳೆ, ನೋಟ್‌ಬುಕ್ಕಿಗೆ ಹಾಕಿದರೆ ಬೊಂಬೆ ಮತ್ತು ಮನೆ ಭೇಟಿ ಎರಡೂ ಬರುತ್ತವೆ.

ಯಾವ ಆಟ ಆರಿಸಿದರೂ ಹುಡುಗಿಯರು ಸಿಸ್ಟರು, ಹುಡುಗರು ಡಾಕ್ಟರು ಎಂಬ ಹಂಚಿಕೆ ಎರಡೇ ದಿನದಲ್ಲಿ ಬೇರು ಬಿಡುತ್ತದೆ. ಬುದ್ಧಿವಾದ ಹೇಳುತ್ತ ಕೂರಬೇಡಿ, ಕ್ಲಿಪ್ಪನ್ನು ಚೀಲದಿಂದ ನೋಡದೆ ಎತ್ತಿಸಿ. "ದೊಡ್ಡವನಾದ ಮೇಲೆ ಡಾಕ್ಟರ್ ಆಗ್ತೀಯಾ?" ಎಂಬ ಪ್ರಶ್ನೆಯನ್ನೂ ಬಿಡಿ, ಅದು ಉಳಿದ ಕೆಲಸಗಳನ್ನೆಲ್ಲ ಒಂದೇ ಮಾತಿಗೆ ಕಿರಿದಾಗಿಸುತ್ತದೆ. ಬದಲಿಗೆ ಮಗು ಮಾಡಿದ್ದನ್ನೇ ಹೆಸರಿಟ್ಟು ಹೇಳಿ: "ಜ್ವರ ನೋಡಿ ಬರೆದಿಟ್ಟೆ", "ಕೇಳಿಯೇ ಮುಟ್ಟಿದೆ". ಆಟ ಹದಕ್ಕೆ ಬಂದ ಮೇಲೆ ಊರಿನ ಎಎನ್‌ಎಂ ಅಥವಾ ಆಶಾ ಅವರನ್ನು ಹದಿನೈದು ನಿಮಿಷಕ್ಕೆ ಕರೆಸಿ. ಭಾಷಣ ಬೇಡ, ತಮ್ಮ ಚೀಲ ಬಿಚ್ಚಿ ಒಂದೊಂದೇ ಸಾಮಾನು ತೋರಿಸಿ, ಬೊಂಬೆಯೊಂದನ್ನು ತೂಗಿ ತೋರಿಸಿದರೆ ಸಾಕು. ಬಿಡುವಿಲ್ಲದವರು ಅವರು, ಲಸಿಕೆಯ ದಿನ ಕರೆಯಬೇಡಿ.

ಎರಡು ಮೂರು ವಾರಕ್ಕೆ ಮಕ್ಕಳು ಸಾಮಾನನ್ನು ಮುಟ್ಟದೆ ಹಾದುಹೋಗಲು ಶುರುಮಾಡಿದರೆ ಎಲ್ಲವನ್ನೂ ಒಗೆದು, ಒರೆಸಿ, ಡಬ್ಬಿಗೆ ಹಾಕಿ ಅಟ್ಟಕ್ಕಿಡಿ. ಬೊಂಬೆಯೊಂದನ್ನು ಮಾತ್ರ ಹೊರಗೇ ಬಿಡಿ. ಎರಡು ತಿಂಗಳ ನಂತರ ಡಬ್ಬಿ ಇಳಿಸುವಾಗ ಮೊದಲು ಹೊಲಿಗೆಗಳನ್ನು ಎಳೆದು ನೋಡಿ, ಸಡಿಲವಾದ ಕ್ಲಿಪ್ಪುಗಳನ್ನು ಬದಲಿಸಿ, ನೋಟ್‌ಬುಕ್ಕಿನ ಹಳೆಯ ಗೆರೆಗಳನ್ನು ಹಾಗೇ ಇಡಿ. ಆ ಮೂರು ಮನೆಗಳ ಪಾಪುಗಳು ಈಗ ಎಷ್ಟು ತುಂಡು ತೂಗುತ್ತವೆ ಎಂದು ನೋಡಲು ಮಕ್ಕಳಿಗೆ ಅವು ಬೇಕಾಗುತ್ತವೆ.